ತೊಗರಕೇರಿಯ ‘ಬಾಯಿ’

ಬೀದರ ಸೀಮೆಯ ತೊಗರಕೇರಿಯಲ್ಲಿ, ಊರು ಮುಗಿದು ಹೊಲ ಶುರುವಾಗುವಲ್ಲಿ, ಕೆಂಗಲ್ಲಿನ ಒಂದು ಮೆಟ್ಟಿಲಬಾವಿ ಇದೆ. ಅದರ ಹೆಸರು ‘ಬಾಯಿ’. ಹಿಂದೊಂದು ಮುಂದೊಂದು ಶಬ್ದವಿಲ್ಲ, ಬರಿಯ ಬಾಯಿ. ತೆಲುಗು ಸೀಮೆಯಿಂದ ಬಂದವರು ಇದರಲ್ಲಿ ಕೇಳುವುದೇನಿದೆ ಎನ್ನುತ್ತಾರೆ; ಅವರ ಆಡುಮಾತಿನಲ್ಲಿ ಬಾಯಿ ಎಂದರೆ ಬಾವಿಯೇ. ಮಂಜರಾ ನದಿಯಾಚೆಯ ಮರಾಠಿಗರು ಯಾರೋ ದೊಡ್ಡ ಮನೆತನದ ಹೆಣ್ಣುಮಗಳಿರಬೇಕೆಂದು ಕೈ ಮುಗಿಯುತ್ತಾರೆ. ಗೌರವದ ಹೆಂಗಸನ್ನು ಅವರು ಕರೆಯುವುದು ಹಾಗೆ. ಕನ್ನಡದವರು ಪಡುವಣ ಗೋಡೆಯ ಕಲ್ಲಿನ ಮುಖವನ್ನು ತೋರಿಸುತ್ತಾರೆ. ಹೆಂಗಸಿನ ಮುಖ, ಹುಬ್ಬು ಗಂಟಿಕ್ಕಿದೆ, ಬಾಯಿ ತೆರೆದಿದೆ. ಮೂವರು ಹೇಳುವುದೂ ತಪ್ಪಲ್ಲ ಎನ್ನುತ್ತಾರೆ ಊರ ಹಿರಿಯರು. ಆದರೆ ಮೂವರೂ ಗುರವ್ವನ ಹೆಸರನ್ನು ಬಿಟ್ಟೇ ಹೇಳುತ್ತಾರೆ. ಅವಳಿಗೆ ಅದು ಹೊಸದೇನೂ ಅಲ್ಲ.

ಹಿಂದೆ ಒಮ್ಮೆ ಗುರವ್ವ ಈ ಊರ ಗೌಡರ ಮನೆಯ ಹಿರಿಯ ಸೊಸೆಯಾಗಿದ್ದಳು. ಬೀಗದ ಕೈಗಳ ಗೊಂಚಲು ಅವಳ ಸೊಂಟದಲ್ಲಿತ್ತು, ಅವಳು ಹೇಳಿದ ಮೇಲೆಯೇ ಒಲೆ ಹೊತ್ತುತ್ತಿತ್ತು. ಆಮೇಲೆ ಮೈದುನನಿಗೆ ಮಂಜರಾ ಆಚೆಯಿಂದ ರಖಮಾ ಎಂಬ ಹೆಣ್ಣನ್ನು ತಂದರು. ತವರಿನಿಂದ ಬಿಡಲು ಬಂದವರು ಆಕೆಯನ್ನು ‘ಬಾಯಿ’ ಎಂದರು. ಕೇಳಿಸಿಕೊಂಡ ಆಳುಗಳು ಹಾಗೇ ಎಂದರು. ಒಂದು ಸುಗ್ಗಿ ಮುಗಿಯುವಷ್ಟರಲ್ಲಿ ಊರಿಗೂರೇ ಬಾಯಿ ಎನ್ನತೊಡಗಿತು. ಹಿರಿಯವಳು ಬರಿಯ ಗುರವ್ವನಾಗಿಯೇ ಉಳಿದಳು. ನೆಗೆಣ್ಣಿ ರಖಮಾ ಒಂದು ಕೆಟ್ಟ ಮಾತು ಆಡಿದ್ದರೂ ಜಗಳಕ್ಕೆ ಹಿಡಿಕೆ ಸಿಗುತ್ತಿತ್ತು. ಆಕೆಯೋ ‘ಅಕ್ಕಾ, ಅಕ್ಕಾ’ ಎಂದು ಸುತ್ತುತ್ತಿದ್ದಳು. ಎರಡಕ್ಷರದ ಒಂದು ಶಬ್ದ ತನ್ನ ಮನೆಯಲ್ಲಿ ತನಗಿಂತ ಎತ್ತರದ ಮಣೆ ಹಾಕಿಕೊಂಡು ಕೂತಿದೆಯೆಂದು ಗುರವ್ವನ ಹೊಟ್ಟೆ ಉರಿಯುತ್ತಿತ್ತು. ತಾನಂತೂ ಆಕೆಯನ್ನು ಹಾಗೆ ಕರೆಯಲಿಲ್ಲ. ಕರೆಯಲೇಬೇಕಾದಾಗ ಕೈಬಳೆ ಅಲ್ಲಾಡಿಸುತ್ತಿದ್ದಳು.

ಊರಿಗೊಂದು ಬಾವಿ ತೋಡಿಸುವುದೆಂದು ಮಾವ ನಿಶ್ಚಯಿಸಿದಾಗ ಗುರವ್ವ ಎಲ್ಲರಿಗಿಂತ ಮುಂದೆ ಬಂದಳು. ಆಗಿನ ಪದ್ಧತಿಯಂತೆ, ಗುದ್ದಲಿ ಬಿದ್ದ ದಿನದಿಂದ ನೀರು ಕಾಣುವವರೆಗೆ ಮನೆಯ ಒಬ್ಬ ಹೆಣ್ಣುಮಗಳು ಮೌನ ಹಿಡಿದು ದಂಡೆಯಲ್ಲಿ ಕೂರಬೇಕಿತ್ತು. ಮೌನ ಉಳಿದರೆ ಬಾವಿಗೆ ಅವಳ ಹೆಸರು, ಮುರಿದರೆ ಇಲ್ಲ. ಗುರವ್ವನ ಬಾವಿ ಎಂದಾದರೆ ನೀರಿಗೆ ಬಂದವರೆಲ್ಲ ಅವಳ ಹೆಸರು ಹೇಳಲೇಬೇಕಲ್ಲ. ಅತ್ತೆ ನಕ್ಕಳು. “ನೀ ಸುಮ್ನ ಕೂಡಾಕಿ? ಅದಕ್ಕಿಂತ ಕಲ್ಲು ಒಡಿಯೂದು ಹಗುರ ಅದ.” ತೋಡುವವರ ಮುಖಂಡ ನರಸಯ್ಯ, ತೆಲುಗಿನವನು, ಧೈರ್ಯ ಹೇಳಿದ: “ಬಾಯಿ ಚಲೋ ಆಗ್ತದ್ರಿ, ಅಮ್ಮಾ.” ಗುರವ್ವನ ಹುಬ್ಬು ಮೇಲೇರಿತು. “ನಮ್ಮ ಮಾತಿನ್ಯಾಗ ಬಾವಿಗಿ ಹಂಗ ಅಂತಾರ್ರಿ,” ಎಂದು ಅವನು ತಡವರಿಸಿದ. “ಇದೊಂದು ಬಾಕಿ ಇತ್ತು,” ಎಂದಳು ಗುರವ್ವ. ಮೌನಕ್ಕೆ ಮುಂಚೆ ಅವಳಾಡಿದ ಕೊನೆಯ ಮಾತು ಅದೇ.

ಬಾವಿ ಇಳಿಯುತ್ತ ಹೋಯಿತು, ನೀರು ಕಾಣಲಿಲ್ಲ. ಮಧ್ಯಾಹ್ನದ ರೊಟ್ಟಿ ಮಜ್ಜಿಗೆ ಹೊತ್ತು ರಖಮಾ ಬರುತ್ತಿದ್ದಳು. “ಬಾಯಿ ಬಂದ್ರು” ಎಂದು ಕೆಲಸದವರು ನಗುತ್ತ ಹಾರೆ ಇಳಿಸುತ್ತಿದ್ದರು. ಬೈದು ಹಗುರಾಗುವ ದಾರಿಯನ್ನೂ ತಾನೇ ಮುಚ್ಚಿಕೊಂಡಿದ್ದ ಗುರವ್ವನಿಗೆ ಹೊಟ್ಟೆಕಿಚ್ಚಿನ ನಿಜವಾದ ಕಾವು ಆಗ ತಿಳಿಯಿತಂತೆ. ಕೊನೆಗೊಂದು ದಿನ ತಳದಲ್ಲಿ ಹಸಿಮಣ್ಣು ಹತ್ತಿತು. “ಇನ್ನೇನು, ಇವತ್ತಿಲ್ಲ ನಾಳಿ” ಎಂದು ನರಸಯ್ಯ ತನ್ನವರೊಡನೆ ಊಟಕ್ಕೆ ಬೇವಿನ ನೆರಳಿಗೆ ಹೋದ. ಹಸಿಮಣ್ಣು ಮುಟ್ಟಿ ನೋಡುವ ಆಸೆಗೆ ರಖಮಾ ಒಬ್ಬಳೇ ಕೆಳಗಿಳಿದಳು. ಪಡುವಣ ದಂಡೆಯಲ್ಲಿ ಕುಳಿತಿದ್ದ ಗುರವ್ವ ಎದುರಿನ ಗೋಡೆಯನ್ನು ನೋಡಿದಳು. ರಖಮಾಳ ನೆತ್ತಿಯ ಮೇಲೆ ಅದು ಕೂದಲೆಳೆಯಷ್ಟು ಬಿರಿಯಿತು, ಆಮೇಲೆ ಬೆರಳು ತೂರುವಷ್ಟು. ಗುರವ್ವ ಬಳೆ ಅಲ್ಲಾಡಿಸಿದಳು. ಆಳಕ್ಕೆ ಅದು ಕೇಳಲಿಲ್ಲ. ಇವತ್ತಿಲ್ಲ ನಾಳೆ ತನ್ನ ಹೆಸರಾಗುವ ಬಾವಿ. ಕೆಳಗೆ ಆ ಹೆಣ್ಣು ತಲೆ ಬಗ್ಗಿಸಿ, ಮುಷ್ಟಿ ಮಣ್ಣನ್ನು ಮೂಗಿಗೆ ಹಿಡಿದು, ತನ್ನಷ್ಟಕ್ಕೆ ನಗುತ್ತಿತ್ತು.

“ಬಾಯೀ,” ಎಂದು ಕೂಗಿದಳು ಗುರವ್ವ.

ಆ ದನಿಯಲ್ಲಿ ಆ ಕರೆಯನ್ನು ರಖಮಾ ಎಂದೂ ಕೇಳಿರಲಿಲ್ಲ. ಬೆಚ್ಚಿ ಮೆಟ್ಟಿಲಿಗೆ ನೆಗೆದಳು. ಅವಳು ನಿಂತಿದ್ದ ಜಾಗಕ್ಕೆ ಮೂಡಣ ಗೋಡೆ ಕುಸಿದು ಬಿತ್ತು. ಧೂಳು ಅಡಗಿದಾಗ ಆ ಸೀಳಿನಿಂದಲೇ ನೀರು ಹರಿದು ಬರುತ್ತಿತ್ತು. ಇನ್ನೊಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದರೆ ಮೌನವೂ ಉಳಿಯುತ್ತಿತ್ತು, ಬಾವಿಯೂ ಗುರವ್ವನದಾಗುತ್ತಿತ್ತು. ಓಡಿ ಬಂದವರಿಗೆಲ್ಲ ಅದು ಗೊತ್ತಾಯಿತು. ರಖಮಾ ಮೇಲೆ ಬಂದು ಕಾಲು ಹಿಡಿದಳು. “ಅಕ್ಕಾ, ಬಾವಿಗಿ ನಿಮ್ಮ ಹೆಸರೇ ಇರ್ಲಿ. ನಾ ಮಾವನವರಿಗಿ ಹೇಳ್ತೀನಿ.” ಗುರವ್ವ ಕಾಲು ಎಳೆದುಕೊಂಡಳು. “ನೀ ಕೊಟ್ಟಿದ್ದು ನಾ ಇಸ್ಕೊಳ್ಳಾಕಿ ಅಲ್ಲ. ಮದಲ ಸೆರಗಿನ ಮಣ್ಣು ಝಾಡಿಸ್ಕೊ.” ನೀರಿಗೆ ಮುಂಚೆ ಬಾವಿಗೆ ಬಿದ್ದ ಆ ಕೂಗೇ ಹೆಸರಾಗಲಿ ಎಂದು ಮಾವ ತೀರ್ಮಾನಿಸಿದರು. ಗುರವ್ವ ಬೇಡಿದ್ದು ಒಂದೇ, ಗೋಡೆಯಲ್ಲಿ ತನ್ನ ಮುಖ. “ಹೆಸರು ಆಕಿದಾಯ್ತು. ಕೂಗಿದಾಕಿ ಯಾರಂತ ಆದ್ರೂ ಕಾಣ್ಲಿ.” ಕಲ್ಕುಟಿಗ ನಗುಮುಖ ಕಡೆಯಲು ಹೋದದ್ದಕ್ಕೆ ಅವಳು ಒಪ್ಪಲಿಲ್ಲವಂತೆ.

ಆಮೇಲೆ ಇಬ್ಬರೂ ಒಡಹುಟ್ಟಿದವರಂತೆ ಬಾಳಿದರು ಎನ್ನುವವರಿದ್ದಾರೆ. ಗುರವ್ವನ ವಂಶದವರು ಹಾಗೆನ್ನುವುದಿಲ್ಲ. ಮರುದಿನದಿಂದ ಮತ್ತೆ ಬಳೆ ಸದ್ದೇ ಎನ್ನುತ್ತಾರೆ. ಮೂಡಣ ಗೋಡೆಯ ಸೀಳನ್ನು ಯಾರೂ ಕಟ್ಟಿಲ್ಲ, ಬಿರುಬೇಸಿಗೆಯಲ್ಲೂ ಅಲ್ಲಿ ನೀರು ಜಿನುಗುತ್ತದೆ. ಪಂಚಮಿಯ ದಿನ ಒಂದೇ ಮನೆಯ ಸೊಸೆಯಂದಿರು ಜೊತೆಯಾಗಿ ಬರುತ್ತಾರೆ. ಹಿರಿಯಳು ನೀರು ಸೇದಿ, ಮೊದಲು ಕಲ್ಲಿನ ಬಾಯಿಗೆ ಹಾಕಿ, ಮಾತಾಡದೆ ಕೈಬಳೆ ಅಲ್ಲಾಡಿಸುತ್ತಾಳೆ. ಕಿರಿಯಳು ಬೊಗಸೆಯೊಡ್ಡುತ್ತಾಳೆ. ಗೋಡೆಯ ಮೇಲಿನ ಗುರವ್ವ ಅದನ್ನೂ ಹುಬ್ಬು ಗಂಟಿಕ್ಕಿಕೊಂಡೇ ನೋಡುತ್ತಾಳೆ.