ರೊಟ್ಟಿಯವಳ ಭುಜ

"ಗುರುಗಳೇ, ಹೇಳಿದ್ದನ್ನು ಮಾಡದವನಿಗೆ ಎಷ್ಟು ಸಲ ಹೇಳಬೇಕು?" ಎಂದು ಚೆನ್ನವೀರ ಕೇಳಿದ.

ಅವನು ಆಶ್ರಮದಲ್ಲಿ ತಬಲಾ ಕಲಿಸುತ್ತಿದ್ದ. ಅವನಲ್ಲಿ ಕಲಿಯುತ್ತಿದ್ದ ಒಬ್ಬ ಎರಡು ವರ್ಷದಿಂದ ಒಂದೇ ತಪ್ಪು ಮಾಡುತ್ತಿದ್ದ. ತಿದ್ದಿದರೆ ತಲೆಯಾಡಿಸುತ್ತಿದ್ದ, ಮರುದಿನ ಮತ್ತೆ ಅದೇ. ಅಂದು ಬೆಳಿಗ್ಗೆ ಚೆನ್ನವೀರ ಅವನನ್ನು ಪಾಠದ ನಡುವೆಯೇ ಎಬ್ಬಿಸಿ ಕಳಿಸಿದ್ದ. ಇಂಥವನನ್ನು ಬಿಟ್ಟುಬಿಡುವುದೇ ಇಬ್ಬರಿಗೂ ಒಳ್ಳೆಯದಲ್ಲವೇ ಎಂಬುದು ಅವನ ವಾದ.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಫಿಸಿಯೋಥೆರಪಿ ವೈದ್ಯನಿದ್ದ. ಕೈಗುಣ ಒಳ್ಳೆಯದು. ಅವನಿಗೆ ಕಪ್ಪಿಂಗ್ ಚಿಕಿತ್ಸೆಯೂ ಬರುತ್ತಿತ್ತು. ಹಿಂದಿನವರು ಕೊಂಬು ಹಚ್ಚಿ ಮಾಡುತ್ತಿದ್ದುದನ್ನು ಅವನು ಗಾಜಿನ ಬಟ್ಟಲುಗಳಿಂದ ಮಾಡುತ್ತಿದ್ದ. ಬೆನ್ನಿನ ಮೇಲೆ ಬಟ್ಟಲು ಕವುಚಿ ಒಳಗಿನ ಗಾಳಿ ಎಳೆದರೆ ಚರ್ಮ ಮೇಲೇಳುತ್ತಿತ್ತು, ಬಿಗಿದ ಮೈ ಹಗುರಾಗುತ್ತಿತ್ತು. ಆದರೆ ಬಂದವರಿಗೆಲ್ಲ ಅವನು ಒಂದು ಮಾತು ತಪ್ಪದೆ ಹೇಳುತ್ತಿದ್ದ. ಬಟ್ಟಲಿನ ಕೆಲಸ ಅರ್ಧ ಮಾತ್ರ, ಉಳಿದರ್ಧ ನಿಮ್ಮದು. ಮನೆಯಲ್ಲಿ ವ್ಯಾಯಾಮ ಮಾಡದಿದ್ದರೆ ನಾಲ್ಕು ದಿನಕ್ಕೆ ನೋವು ಮರಳುತ್ತದೆ ಎನ್ನುತ್ತಿದ್ದ.

ಒಬ್ಬ ರೊಟ್ಟಿ ಬಡಿಯುವ ಹೆಂಗಸು ಅವನಲ್ಲಿಗೆ ಬಂದಳು. ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟು ಬದುಕುವವಳು. ಬಲ ಭುಜ ಹಿಡಿದುಕೊಂಡಿತ್ತು, ಕೈ ಕಿವಿಯವರೆಗೂ ಏಳುತ್ತಿರಲಿಲ್ಲ. ವೈದ್ಯ ಬಟ್ಟಲು ಹಾಕಿದ. ಗೋಡೆಗೆ ಬೆರಳೂರಿ ಕೈಯನ್ನು ಮೆಲ್ಲಗೆ ಮೇಲೆ ಹತ್ತಿಸುವ ವ್ಯಾಯಾಮ ಹೇಳಿಕೊಟ್ಟ. ದಿನಕ್ಕೆರಡು ಹೊತ್ತು ಮಾಡಬೇಕೆಂದ. ಹಗುರಾಯಿತು ಎಂದು ಅವಳು ನಗುತ್ತ ಹೋದಳು.

ವಾರ ಕಳೆಯುವಷ್ಟರಲ್ಲಿ ಮತ್ತೆ ಬಂದಳು. ಭುಜ ಮೊದಲಿನಂತೆಯೇ ಕಲ್ಲಾಗಿತ್ತು. ವ್ಯಾಯಾಮ ಮಾಡಿದಿರಾ ಎಂದು ವೈದ್ಯ ಕೇಳಿದ. ಮಾಡಿದೆ ಎಂದಳು. ಅವನು ನಂಬಲಿಲ್ಲ. ವ್ಯಾಯಾಮ ಮಾಡಿದ ಭುಜ ಹೀಗಿರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಆದರೂ ಬಟ್ಟಲು ಹಾಕಿ, ಅದೇ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿದ. ಮೂರನೆಯ ವಾರವೂ ಹಾಗೇ ಆಯಿತು, ಐದನೆಯ ವಾರವೂ ಹಾಗೇ. ಬೆನ್ನಿನ ಮೇಲೆ ಹಳೆಯ ದುಂಡು ಗುರುತು ಮಾಸುವ ಮೊದಲೇ ಅವಳು ಹೊಸದಕ್ಕೆ ಬಂದು ಕೂರುತ್ತಿದ್ದಳು. ವೈದ್ಯನಿಗೆ ತಲೆ ಚಿಟ್ಟು ಹಿಡಿಯಿತು. ಬಾಗಿಲಲ್ಲಿ ಅವಳ ಸೆರಗು ಕಂಡರೆ ಸಾಕು, ಹಲ್ಲು ಕಡಿಯುತ್ತಿದ್ದ. ಗೋರ್ಕಲ್ಲ ಮೇಲೆ ಮಳೆ ಸುರಿದಂತೆ ಎಂದು ಗೊಣಗುತ್ತಿದ್ದ. ಇವಳಿಗೆ ಬೇಕಾದದ್ದು ಮಲಗಿ ಬಟ್ಟಲು ಹಾಕಿಸಿಕೊಳ್ಳುವ ಸುಖ, ಕಷ್ಟಪಟ್ಟು ಕೈಯೆತ್ತುವುದು ಬೇಡ ಎಂದು ತೀರ್ಮಾನಿಸಿಬಿಟ್ಟ.

ಎಂಟನೆಯ ವಾರ ಅವನು ಬಟ್ಟಲುಗಳನ್ನು ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ. "ತಾಯಿ, ಇನ್ನು ನನ್ನಿಂದಾಗದು. ನೀವು ಬಟ್ಟಲಿಗಾಗಿ ಬರುತ್ತೀರಿ, ಗುಣವಾಗಲು ಬರುವುದಿಲ್ಲ. ಬೇರೆ ಯಾರನ್ನಾದರೂ ನೋಡಿಕೊಳ್ಳಿ" ಎಂದ.

ಅವಳು ಎದ್ದು ನಿಂತಳು, ಆದರೆ ಹೋಗಲಿಲ್ಲ. ಎರಡು ಖಾನಾವಳಿಯವರು ಆಗಲೇ ಬೇರೆ ಕಡೆಯಿಂದ ರೊಟ್ಟಿ ತರಿಸಿಕೊಳ್ಳುತ್ತಿದ್ದಾರೆ, ತನಗೆ ಬೇರೆ ಕಸುಬು ಬಾರದು ಎಂದಳು. ಒಂದು ದಿನವೂ ವ್ಯಾಯಾಮ ತಪ್ಪಿಸಿಲ್ಲ ಎಂದಳು. ವೈದ್ಯನಿಗೆ ರೇಗಿತು. ಸುಳ್ಳು ಇಲ್ಲೇ ಬಯಲಾಗಲಿ ಎಂದು ಗೋಡೆ ತೋರಿಸಿ, ಹಾಗಾದರೆ ಈಗ ಮಾಡಿ, ನೋಡೋಣ ಎಂದ.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಗೋಡೆಗೆ ಬೆರಳೂರಿದಳು. ತಡವರಿಸಲಿಲ್ಲ, ದಿನವೂ ಮಾಡಿದವರ ಕೈಯ ರೂಢಿ ಅದು. ಕೈ ಹತ್ತಿತು, ಭುಜ ನಡುಗಿತು, ಹಣೆಯಲ್ಲಿ ಬೆವರು ಮೂಡಿತು. ಅವಳು ನಿಲ್ಲಿಸಲಿಲ್ಲ. ಹಲ್ಲು ಕಚ್ಚಿ ಇನ್ನೂ ನಾಲ್ಕು ಬೆರಳು ಮೇಲಕ್ಕೆ ತಳ್ಳಿದಳು. ಕಣ್ಣಲ್ಲಿ ನೀರು ಬಂದ ಮೇಲೆ ಕೈ ಇಳಿಸಿ, ಮತ್ತೆ ಮೊದಲಿನಿಂದ ಶುರು ಮಾಡಿದಳು.

ವೈದ್ಯ ಅವಳನ್ನು ತಡೆದ. ಹೀಗೇಕೆ ಮಾಡುತ್ತೀರಿ ಎಂದು ಕೇಳಿದ.

"ನೋವು ಬರುವ ತನಕ ಎತ್ತಿ ಎಂದು ನೀವೇ ಹೇಳಿದಿರಲ್ಲ, ಡಾಕ್ಟರೇ" ಎಂದಳು ಅವಳು. "ಒಂದೊಂದು ದಿನ ಬೇಗ ಬರುವುದಿಲ್ಲ. ಆಗ ಬಾಗಿಲ ಚೌಕಟ್ಟಿಗೆ ಜೋತುಬಿದ್ದು ಬರಿಸಿಕೊಳ್ಳುತ್ತೇನೆ."

ಅವನು ಹೇಳಿದ್ದು ಅದೇ ಮಾತು. ನೋವು ಕಂಡಲ್ಲಿ ನಿಲ್ಲಿಸಿ ಎಂಬ ಅರ್ಥದಲ್ಲಿ ಹೇಳಿದ್ದ. ನೋವು ತರಿಸಿಕೊಳ್ಳುವುದೇ ವ್ಯಾಯಾಮವೆಂದು ಅವಳು ತಿಳಿದಿದ್ದಳು. ಎರಡು ತಿಂಗಳಿಂದ ದಿನಕ್ಕೆರಡು ಹೊತ್ತು ತನ್ನ ಭುಜವನ್ನು ತಾನೇ ಕೆಡಿಸಿಕೊಂಡು, ವಾರಕ್ಕೊಮ್ಮೆ ಬಂದು ಅವನ ಬಟ್ಟಲಿಗೆ ಬೆನ್ನು ಕೊಡುತ್ತಿದ್ದಳು. ವೈದ್ಯನಿಗೆ ಅವಳ ಮುಖ ನೋಡಲಾಗಲಿಲ್ಲ.

ಅಂದು ಅವನು ಗೋಡೆಯ ಬಳಿ ಅವಳ ಜೊತೆಗೇ ನಿಂತ. ಸೆಳೆತ ಶುರುವಾದ ಕಡೆ ಗೋಡೆಗೆ ಪೆನ್ಸಿಲಿನಿಂದ ಗೀಟು ಎಳೆದು, ಇಲ್ಲಿಗೆ ಸಾಕು ಎಂದ. ಅವಳಿಂದ ಮತ್ತೆ ಮಾಡಿಸಿ ನೋಡಿದ. ಬಟ್ಟಲನ್ನೂ ಹಾಕಿದ. ವಾರ ವಾರ ಗೀಟು ಮೇಲೆ ಸರಿಯಿತು. ನಾಲ್ಕನೆಯ ತಿಂಗಳಲ್ಲಿ ಕೈ ತಲೆಯ ಮೇಲಕ್ಕೆ ಹೋಯಿತು. ಬಿಟ್ಟುಹೋದ ಎರಡು ಖಾನಾವಳಿಗಳಲ್ಲಿ ಒಂದು ಮಾತ್ರ ಅವಳಿಗೆ ಮರಳಿ ಸಿಕ್ಕಿತು.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರನಿಗೆ ಸಮಾಧಾನವಾಗಲಿಲ್ಲ. ಆ ಹೆಂಗಸು ಪ್ರಾಮಾಣಿಕಳು, ತನ್ನ ವಿದ್ಯಾರ್ಥಿಯ ವಿಷಯವೇ ಬೇರೆ ಎಂದ. ಕೈ ಸಡಿಲ ಬಿಟ್ಟು ಬಾರಿಸು ಎಂದು ಅವನಿಗೆ ಇನ್ನೂರು ಸಲ ಹೇಳಿದ್ದಾಗಿದೆ ಎಂದ.

"ನೀನು ಇನ್ನೂರು ಸಲ ಹೇಳಿದ್ದು ಏನೆಂದು ತಿಳಿಯಿತು, ಅವನು ಇನ್ನೂರು ಸಲ ಕೇಳಿಸಿಕೊಂಡದ್ದು ಏನೆಂದು ಹೇಳು" ಎಂದರು ಗುರುಗಳು.

ಚೆನ್ನವೀರ ಎದ್ದು, ಬೆಳಿಗ್ಗೆ ಕಳಿಸಿದ್ದವನನ್ನು ಹುಡುಕಿಕೊಂಡು ಹೊರಟ.