ಹಾಲಮ್ಮನ ಅಳು ಸಿನಿಮಾಕ್ಕೆ ಹೋದದ್ದು

ಹೂಂಗುಟ್ಟುವವರಿದ್ದರೆ ಹೇಳುತ್ತೇನೆ. ನಗು ಬಂದರೆ ನಗಿ, ಆದರೆ ಹಾಲಮ್ಮನ ಎದುರಿಗೆ ನಗಬೇಡಿ.

ಹಾಲಮ್ಮನಿಗೆ ಒಬ್ಬನೇ ಮಗ, ಕೊಟ್ರೇಶಿ. ಇಪ್ಪತ್ತೆರಡು ವರ್ಷ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು; ಅದೇ ಅವನ ರೋಗ. ಊರಲ್ಲಿ ಯಾರೂ ಅವನಿಗೆ ಕೆಲಸ ಕೊಡುತ್ತಿರಲಿಲ್ಲ. ಒಬ್ಬರಾದರೂ ‘ನಿನ್ನ ಮಗ ಉಪಯೋಗಕ್ಕೆ ಬಂದ ಕಣವ್ವ’ ಅಂದರೆ ಸಾಕು ಅಂತ ಹಾಲಮ್ಮ ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದಳು.

ಎದುರುಮನೆಯ ವಿಶಾಲಿ ಕಾಲೇಜಿನಲ್ಲಿ ಸಿನಿಮಾ ಓದುತ್ತಿದ್ದಳು. ಪರೀಕ್ಷೆಗೆಂದು ಹತ್ತು ನಿಮಿಷದ ಸಿನಿಮಾ ತೆಗೆದಿದ್ದಳು. ಹಿಟ್ಟಿನ ಗಿರಣಿಯಲ್ಲಿ ದುಡಿಯುವ ಒಬ್ಬ ತಾಯಿ, ಮಳೆಗಾಲದ ಹೊಳೆಗೆ ಸಿಕ್ಕು ಸತ್ತ ಮಗ. ಚಿತ್ರ ತಯಾರು, ಸದ್ದು ಬಾಕಿ. ಹಾಲಮ್ಮ ಹೋಗಿ ಗೋಗರೆದಳು.

"ನನ್ ಮಗನಿಗೆ ಕೊಡವ್ವ, ಸದ್ದು ಹಿಡಿದು ತರ್ತಾನೆ!"

ವಿಶಾಲಿ ಪಾಪ, ಮೈಕು ಕೊಟ್ಟಳು. "ದೊಡ್ಡವ್ವ, ಇದರಾಗೆ ಫೇಲಾದ್ರೆ ನಂದು ಒಂದು ವರ್ಷ ಹೋಗ್ತದೆ, ನೋಡು."

"ಮೊದ್ಲು ಮಳೆ ಸದ್ದು ಹಿಡ್ಕಂಬಾ," ಅಂದಳು ತಾಯಿ.

ಕೊಟ್ರೇಶಿ ಮಾಳಿಗೆ ಹತ್ತಿ ಕೂತ. ಚೈತ್ರದ ಬಿಸಿಲು! ಒಂದು ದಿನ ಕೂತ, ಎರಡು ದಿನ ಕೂತ, ಮೂರನೇ ದಿನ ತಲೆ ತಿರುಗಿ ಬಿದ್ದ.

"ಅಯ್ಯೋ ನನ್ನ ಕರ್ಮವೇ! ಸಿನಿಮಾಕ್ಕೆ ನಿಜವಾದ್ದು ಯಾರಿಗೆ ಬೇಕೋ? ಮೊರದಾಗೆ ಸಾಸಿವೆ ಉರುಳಿಸಿದ್ರೆ ಮಳೆ! ನಿಜವಾದ್ದು ಬಿಡು, ಅದರಂಗೆ ಕೇಳ್ಸೋದು ಹಿಡಿ!"

"ಹಂಗೇ ಆಗ್ಲಿ ಅವ್ವಾ."

ಸಾಸಿವೆಯ ಮಳೆ ಹೇಗೋ ಆಯಿತು. ಮಾರನೇ ದಿನ ಗಿರಣಿ ಸದ್ದು ಬೇಕಾಯಿತು. ಕೊಟ್ರೇಶಿ ಗಿರಣಿಯ ಮುಂದೆಯೇ ಹೋದ. ನಿಂತನೇ? ಇಲ್ಲ. ಅದು ನಿಜವಾದ್ದಲ್ಲವೇ! ಮೂಲೆಮನೆ ಪರ್ವತಜ್ಜ ಮಧ್ಯಾಹ್ನದ ಊಟ ಮುಗಿಸಿ ಗರ್ರ್ ಗರ್ರ್ ಅಂತ ಗೊರಕೆ ಹೊಡೆಯುತ್ತಿದ್ದ. ಅದನ್ನೇ ಹಿಡಿದು ತಂದ.

ತಾಯಿ ಹಣೆ ಚಚ್ಚಿಕೊಂಡಳು. "ಗಿರಣಿಗೆ ಗಿರಣೀದೇ ಬೇಕಲ್ಲೋ ಕೋಣ! ಸುತ್ತಮುತ್ತ ಇರೋ ಸದ್ದೆಲ್ಲ ಮೊದ್ಲು ನಿಲ್ಲಿಸಿ, ಆಮೇಲೆ ಹಿಡಿ!"

"ಹಂಗೇ ಆಗ್ಲಿ ಅವ್ವಾ."

ಹೋದ. ಜೋಳದ ಚೀಲ ಹೊತ್ತು ಜನ ಸಾಲುಗಟ್ಟಿ ನಿಂತಿದ್ದರು. ಅಲ್ಲಿ ಎಲ್ಲಕ್ಕಿಂತ ಹೆಚ್ಚು ಸದ್ದು ಮಾಡುತ್ತಿದ್ದದ್ದು ಗಿರಣಿಯೇ. ಅದನ್ನೇ ಮೊದಲು ನಿಲ್ಲಿಸಿದ. ಆಮೇಲೆ ಮೈಕು ಹಿಡಿದ. ಗಿರಣಿ ಗೌರಕ್ಕ ಪೊರಕೆ ಎತ್ತಿಕೊಂಡು ಮನೆ ಬಾಗಿಲವರೆಗೂ ಅಟ್ಟಿಸಿಕೊಂಡು ಬಂದಳು.

"ಜನರ ಹತ್ರ ನಯವಾಗಿರ್ಬೇಕೋ! ಸದ್ದು ಹಿಡಿದ್ ಮೇಲೆ ‘ಚೆನ್ನಾಗಿ ಬಂತು, ಇನ್ನೊಂದ್ಸಲ’ ಅನ್ಬೇಕು! ಆಗ ಯಾರೂ ಹೊಡೆಯಲ್ಲ!" ಅಂದಳು ತಾಯಿ.

"ಹಂಗೇ ಆಗ್ಲಿ ಅವ್ವಾ."

ಕೊನೆಗೆ ಹಾಲಮ್ಮನೇ ಹೋಗಿ ಗೌರಕ್ಕನಿಗೆ ಕೈಮುಗಿದು ಗಿರಣಿ ಸದ್ದು ಹಿಡಿದು ತಂದಳು. ಇನ್ನು ಉಳಿದದ್ದು ತಾಯಿಯ ಅಳು ಒಂದೇ.

"ನಿಜವಾಗಿ ಅಳೋರ ಹತ್ರ ಹೋಗು. ಶುರುವಿಂದ ಕೊನೇವರೆಗೂ ಹಿಡಿ, ನಡುವೆ ಕತ್ತರಿಸಬ್ಯಾಡ," ಅಂದವಳು ಒಲೆ ಮುಂದೆ ಕೂತು ಸೆರಗು ಬಾಯಿಗಿಟ್ಟುಕೊಂಡಳು. ಹೆತ್ತ ಕರುಳು, ಎಷ್ಟು ಅಂತ ತಡೆದೀತು? ಕೊಟ್ರೇಶಿ ಬಾಗಿಲ ಮರೆಯಲ್ಲಿ ನಿಂತಿದ್ದ. ಕೈಯಲ್ಲಿ ಮೈಕಿತ್ತು.

ಬೆಳಿಗ್ಗೆ ಅವನು ತಂದುಕೊಟ್ಟ ಅಳುವನ್ನು ವಿಶಾಲಿ ಒಂದು ಗಳಿಗೆ ಕೇಳಿದಳು. ಬರೀ ಬಿಕ್ಕಳಿಕೆ. ಅವಳ ಮೈ ಜುಮ್ಮೆಂದಿತು. "ದೊಡ್ಡವ್ವ, ಕೊಟ್ರೇಶಿ ಗೆದ್ದ!" ಅಂದು, ಅವತ್ತೇ ಕಾಲೇಜಿನಲ್ಲಿ ತೋರಿಸಬೇಕು, ಹೊತ್ತಾಯಿತೆಂದು ಪೂರ್ತಿ ಕೇಳದೆ ಸಿನಿಮಾಕ್ಕೆ ಜೋಡಿಸಿಬಿಟ್ಟಳು. ಹಾಲಮ್ಮ ಧಾರೆ ಸೀರೆ ಉಟ್ಟು, ಕೈಯಿಂದ ಮೈಕು ಬಿಡದ ಮಗನ ತಲೆ ಬಾಚಿ, ಕಾಲೇಜಿಗೆ ಹೋಗಿ ಮುಂದಿನ ಸಾಲಿನಲ್ಲೇ ಕೂತಳು.

ಪರದೆಯ ಮೇಲೆ ಸಾಸಿವೆಯ ಮಳೆ ಸುರಿಯಿತು. ಗಿರಣಿ ಓಡಿತು. ತಾಯಿ ಸತ್ತ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಿಕ್ಕಿದಳು. ಮೇಷ್ಟ್ರುಗಳೂ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಆ ತಾಯಿ ಬಾಯಿಬಿಟ್ಟು ಹಲುಬಿದಳು:

"ಅಯ್ಯೋ ದೇವ್ರೇ! ಇಂಥ ಪೆದ್ದನ್ನ ಯಾಕಾದ್ರೂ ಕೊಟ್ಟೆಯೋ! ಗಿರಣಿ ಸದ್ದು ಅಂದ್ರೆ ಅಜ್ಜನ ಗೊರಕೆ ತಂದ್ನಲ್ಲಪ್ಪೋ! ನಾನು ಸತ್ತ ಮೇಲೆ ಇವನಿಗೆ ಯಾರಪ್ಪೋ ಗತಿ!"

ಸಭೆಗೆ ಸಭೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ವಿಶಾಲಿ ಮುಖ ಮುಚ್ಚಿಕೊಂಡಳು. ಅವಳ ವರ್ಷ ಹೋಯಿತು. ಹಾಲಮ್ಮನಿಗೆ ತನ್ನ ದನಿಯ ಗುರುತು ಸಿಕ್ಕಿತು. ಕೂತಲ್ಲೇ ಕುಸಿದು ಗೋಳೋ ಎಂದು ಅತ್ತಳು.

ಕೊಟ್ರೇಶಿ ಬೆಂಚು ಹತ್ತಿ ನಿಂತ. "ಎಲ್ಲ ಬಾಯ್ ಮುಚ್ರೀ!" ಅಂತ ಗದರಿದ. ಸಭೆ ಗಪ್‌ಚಿಪ್ಪಾಯಿತು. ಆಮೇಲೆ ಇಳಿದು, ತಾಯಿಯ ಮುಂದೆ ಮಂಡಿಯೂರಿ ಮೈಕು ಹಿಡಿದ.

"ಚೆನ್ನಾಗಿ ಬಂತು ಅವ್ವಾ," ಅಂದ, ನಯವಾಗಿ. "ಇನ್ನೊಂದ್ಸಲ."