ಮಾವನವರ ರ‍್ಯಾಕೆಟ್ಟಿಗೆ ಗಟ್ಟು ಹಾಕಿಸಿದ್ದು

ದುರ್ಗದಲ್ಲಿ ಮುರಿಗೆಪ್ಪನವರ ಮನೆತನವೆಂದರೆ ಕೂತವರು ಎದ್ದು ನಿಲ್ಲುತ್ತಿದ್ದರು. ಊರಿನ ಶಟಲ್ ಕ್ಲಬ್ಬಿಗೆ ಜಾಗ ಕೊಟ್ಟದ್ದು ಆ ಮನೆ, ಮೊದಲ ನೆಟ್ಟು ಕಟ್ಟಿದ್ದು ಆ ಮನೆ, ಪಂದ್ಯದ ಕಪ್ಪಿನ ಮೇಲಿನ ಹೆಸರೂ ಆ ಮನೆಯದೇ. ಅಂಥ ಮನೆಯ ಸೊಸೆ ಶಾಂಭವಮ್ಮನಿಗೆ ದೇವರು ಕೊಟ್ಟದ್ದು ಒಬ್ಬನೇ ಮಗ, ಚನ್ನವೀರ. ಆಳು ಆನೆಯಂತೆ, ಬುದ್ಧಿ ಇನ್ನೂ ತೊಟ್ಟಿಲಲ್ಲಿ. ಹೇಳಿದ್ದನ್ನು ಮಾಡುತ್ತಿದ್ದ, ಹೇಳಿದ್ದನ್ನೇ ಮಾಡುತ್ತಿದ್ದ. ಅದೇ ಗ್ರಹಚಾರ.

ಪಂದ್ಯದ ಮೊದಲ ಹೊಡೆತ ಶಾಂಭವಮ್ಮನ ಮಾವನವರ ಹಳೆಯ ರ‍್ಯಾಕೆಟ್ಟಿನಿಂದಲೇ ಆಗಬೇಕು, ಅದು ಪದ್ಧತಿ. ಆ ವರ್ಷ ಅದರ ಗಟ್ಟು, ಅಂದರೆ ಹೆಣೆದ ಎಳೆಗಳು, ಜೋತುಬಿದ್ದಿತ್ತು. ಶಾಂಭವಮ್ಮ ಮಗನನ್ನು ಕರೆದಳು.

"ಪೇಟೆಗೆ ಹೋಗಿ ಹೊಸ ಗಟ್ಟು ಹಾಕಿಸಿಕೊಂಡು ಬಾ. ಬಿಗಿಯಾಗಿರಲಿ! ಅಂಗಡಿಯವನು ಸಾಕು ಅಂದರೂ ಬಿಡಬೇಡ!"

ಚನ್ನವೀರ ಹೋದ. ಅಂಗಡಿಯವನು ಎಳೆದ, ಬಿಗಿದ. "ಸಾಕು ಸ್ವಾಮಿ!"

"ಬಿಡಬೇಡಿ, ಎಳೀರಿ!"

"ಚೌಕಟ್ಟು ಸೊಟ್ಟಗಾಗ್ತದೆ!"

"ಅಮ್ಮ ಹೇಳಿದಾಳೆ, ಎಳೀರಿ!"

ಮೊಟ್ಟೆಯಂತಿದ್ದ ರ‍್ಯಾಕೆಟ್ಟು ಕುಂಬಳಕಾಯಿಯಾಗಿ ಮನೆಗೆ ಬಂತು. ಶಾಂಭವಮ್ಮ ಹಣೆ ಚಚ್ಚಿಕೊಂಡಳು.

"ಅಯ್ಯೋ ಮುಠ್ಠಾಳ! ಏನು ಮಾಡಿಕೊಂಡು ಬಂದೆಯೋ!"

"ನೀನೇ ಬಿಡಬೇಡ ಅಂದೆಯಲ್ಲಮ್ಮ?"

"ಕೇಳಿಲ್ಲಿ! ಎಳೆತ ಒಂದೇ ಕಡೆಗೆ ಬಿದ್ದರೆ ಎಂಥ ಚೌಕಟ್ಟೂ ಸೊಟ್ಟಗಾಗುತ್ತದೆ. ಒಂದು ಎಳೆ ಹರಿದರೂ ಸಾಕು, ತಡಮಾಡದೆ ಎಲ್ಲ ಎಳೆಗಳನ್ನೂ ಕತ್ತರಿಸಬೇಕು. ನಿಮ್ಮ ತಾತ ಹಾಗೇ ಮಾಡುತ್ತಿದ್ದರು. ತಿಳೀತಾ?"

"ತಿಳೀತಮ್ಮ!"

ಪಂದ್ಯದ ಹಿಂದಿನ ದಿನ ಕ್ಲಬ್ಬಿನಲ್ಲಿ ಶಾಮಿಯಾನ ಎದ್ದಿತ್ತು. ಗಾಳಿ ಬೀಸಿತು, ಒಂದು ಹಗ್ಗ ಪಟ್ಟೆಂದು ಹರಿಯಿತು. ಚನ್ನವೀರ ಕುಡುಗೋಲು ಹಿಡಿದು ಓಡಿದ. ಕಚ್! ಕಚ್! ಕಚ್! ಉಳಿದ ಹಗ್ಗಗಳೆಲ್ಲ ಹೋದವು. ಶಾಮಿಯಾನ ಮಗುಚಿಕೊಂಡಿತು. ಒಳಗೆ ಕ್ಲಬ್ಬಿನ ಅಧ್ಯಕ್ಷ ಕರಿಬಸಪ್ಪನವರು ಉಪ್ಪಿಟ್ಟು ತಿನ್ನುತ್ತಿದ್ದರು.

ಮೀಸೆಯಲ್ಲಿ ಉಪ್ಪಿಟ್ಟು, ಹಣೆಯಲ್ಲಿ ಬುಗುಟು, ಹಾಗೆ ಹೊರಗೆ ಬಂದರು. "ಯಾವನೋ ಅವನು!"

"ನಾನೇ ಸಾರ್! ಚೌಕಟ್ಟು ಸೊಟ್ಟಗಾಗಬಾರದು ಅಂತ!"

ಸಂಜೆಗೆ ಕ್ಲಬ್ಬಿನಿಂದ ಆಳು ಬಂದ. ನಾಳೆ ತಾಯಿ ಮಗ ಇಬ್ಬರೂ ಬಂದು ಎಲ್ಲರೆದುರು ತಪ್ಪೊಪ್ಪಿಕೊಳ್ಳಬೇಕು. ಇಲ್ಲವಾದರೆ ಕಪ್ಪಿನ ಮೇಲಿನ ಹೆಸರು ಅಳಿಸುತ್ತಾರಂತೆ.

ಶಾಂಭವಮ್ಮ ಊಟದ ತಟ್ಟೆ ಪಕ್ಕಕ್ಕೆ ಸರಿಸಿದಳು. ಆ ಮನೆಯವರು ಯಾರ ಮುಂದೆಯೂ ತಲೆ ತಗ್ಗಿಸಿದವರಲ್ಲ. ಆದರೆ ಹೆಸರೇ ಹೋದರೆ ಉಳಿಯುವುದೇನು?

"ನೋಡು ಮಗನೇ, ಅಲ್ಲಿ ನಿನ್ನ ತಲೆ ಓಡಿಸಬೇಡ. ಪಕ್ಕದಲ್ಲಿ ನಿಂತು ನಾನು ಪಿಸುಗುಡುತ್ತೇನೆ. ನಾನು ಅಂದದ್ದನ್ನೇ ಗಟ್ಟಿಯಾಗಿ ಅನ್ನು. ಒಂದಕ್ಷರ ಕೂಡಿಸಬೇಡ, ಒಂದಕ್ಷರ ಬಿಡಬೇಡ!"

"ಆಗಲಮ್ಮ!"

ಬೆಳಗ್ಗೆ ಊರೆಲ್ಲ ಸೇರಿತ್ತು. ಅಧ್ಯಕ್ಷರು ಹಣೆಗೆ ಪಟ್ಟಿ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಚನ್ನವೀರ ಸೊಂಟದ ಮೇಲೆ ಕೈಯಿಟ್ಟು ನಿಂತ.

"ಅಧ್ಯಕ್ಷರಿಗೆ ನಮಸ್ಕಾರ," ತಾಯಿ ಪಿಸುಗುಟ್ಟಿದಳು.

"ಅಧ್ಯಕ್ಷರಿಗೆ ನಮಸ್ಕಾರ!" ಮಗ ಗುಡುಗಿದ. ಶಾಂಭವಮ್ಮನ ಹೋದ ಜೀವ ಬಂತು. ಆಗ ಅವನ ನಿಲುವು ಕಣ್ಣಿಗೆ ಬಿತ್ತು.

"ಕೈಕಟ್ಟಿ ನೆಟ್ಟಗೆ ನಿಲ್ಲು!"

"ಕೈಕಟ್ಟಿ ನೆಟ್ಟಗೆ ನಿಲ್ಲು!"

ಅಧ್ಯಕ್ಷರು ಗಾಬರಿಯಿಂದ ಅರ್ಧ ಎದ್ದೇಬಿಟ್ಟರು. ಜನ ಘೊಳ್ಳೆಂದಿತು.

"ಅಯ್ಯೋ ಕತ್ತೆ!"

"ಅಯ್ಯೋ ಕತ್ತೆ!"

ಅಧ್ಯಕ್ಷರ ಮುಖ ಕೆಂಡವಾಯಿತು. ಶಾಂಭವಮ್ಮನ ಕಣ್ಣಲ್ಲಿ ನೀರು. ಮಗನ ತೋಳು ಹಿಡಿದು ಜಗ್ಗಿದಳು.

"ಬಾಯಿ ಮುಚ್ಚಿಕೊಂಡು ಕ್ಷಮೆ ಕೇಳೋ!"

ಚನ್ನವೀರ ಎದೆಯುಬ್ಬಿಸಿದ. ಕರಿಬಸಪ್ಪನವರನ್ನೇ ನೆಟ್ಟ ನೋಟದಿಂದ ನೋಡಿದ. ಒಂದಕ್ಷರ ಕೂಡಿಸದೆ, ಒಂದಕ್ಷರ ಬಿಡದೆ, ಕೊನೆಯ ಸಾಲಿನವರಿಗೂ ಕೇಳುವಂತೆ ಕೂಗಿದ:

"ಬಾಯಿ ಮುಚ್ಚಿಕೊಂಡು ಕ್ಷಮೆ ಕೇಳೋ!"